ಬಿಳಿ ಬಿಟ್ಟ ಶರಟು

ಜೂನ್ 9

ನನ್ನ ಮೆಣಸಿನಕಾಯಿಗೆ,

ಆಶೀರ್ವಾದ ಆಮೇಲೆ ಮಾಡುತ್ತೇನೆ, ಮೊದಲು ಬೈಸಿಕೋ. ನಿನ್ನ ಮಾತು ಕೇಳಿ ನಿನ್ನೆ ಆ ಚಿತ್ರದ ಕ್ಲಾಸಿಗೆ ಹೋಗಿ ಬಂದೆ. ಬಂದವನು ಸೋಪು ಹಾಕಿ ಮೂರು ಸಲ ಕೈ ತೊಳೆದೆ. 

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನನ್ನ ಅಕ್ಷರ ಕಾಣಿಸುತ್ತದೆಯೇ? ಮೇಲೆ ಬರೆದ ‘ಕ್ಷ’ ನೋಡು, ಅದರ ಹೊಟ್ಟೆ ನೋಡು. ನಲವತ್ತೊಂದು ವರ್ಷ ಅಂಗಡಿ ಬೋರ್ಡು, ಲಾರಿಯ ಬೆನ್ನು, ಶಾಲೆಯ ಗೋಡೆ ಬರೆದ ಕೈ ಇದು. ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೇ ಓದು ಬಿಟ್ಟವನು ಇರಬಹುದು. ಆದರೆ ಈ ಊರಿನ ಎಂ.ಎ. ಓದಿದವರೆಲ್ಲ ಔಷಧಿ ಅಂಗಡಿ ಯಾವುದು, ಚಪ್ಪಲಿ ಅಂಗಡಿ ಯಾವುದು ಎಂದು ತಿಳಿದದ್ದು ನನ್ನ ಬರಹ ಓದಿಯೇ. ಫ್ಲೆಕ್ಸ್ ಎಂಬ ದರಿದ್ರ ಬಂದು ನನ್ನನ್ನು ಮನೆಯಲ್ಲಿ ಕೂರಿಸಿತು, ಅದು ಬೇರೆ ಮಾತು.

ಈಗ ಕೇಳು. ಗ್ರಂಥಾಲಯದ ಮಹಡಿಯ ಮೇಲೆ ಒಂದು ಕೋಣೆ. ಎರಡು ಉದ್ದ ಮೇಜು, ತೆರೆಯಲು ಬಾರದ ಮೂರು ಕಿಟಕಿ, ನನ್ನನ್ನೂ ನಿನ್ನ ಅತ್ತೆಯನ್ನೂ ಸೇರಿಸಿ ಒಂಬತ್ತು ಜನ. ಮೇಜಿಗೊಂದು ಪ್ಲಾಸ್ಟಿಕ್ ಜಗ್ಗಿನಲ್ಲಿ ನೀರು. ಎಲ್ಲರ ಬ್ರಷ್ಷೂ ಅದೊಂದರಲ್ಲೇ ಮುಳುಗಬೇಕು. ಹತ್ತು ನಿಮಿಷದಲ್ಲಿ ಅದು ಪಾತ್ರೆ ತೊಳೆದ ನೀರಿಗಿಂತ ಕಡೆಯಾಯಿತು. ನನ್ನ ಪಕ್ಕದಲ್ಲಿ ಒಬ್ಬ ರಿಟೈರಾದ ಹಲ್ಲಿನ ಡಾಕ್ಟರು. ಆತ ಆ ನೀರಲ್ಲಿ ಅದ್ದಿದ ಬ್ರಷ್ಷನ್ನು ಬಾಯಲ್ಲಿಟ್ಟು ಚೀಪಿ ತುದಿ ಚೂಪು ಮಾಡಿಕೊಳ್ಳುತ್ತಾನೆ. ಮತ್ತೆ ಅದನ್ನೇ ತಂದು ಜಗ್ಗಿಗೆ ಅದ್ದುತ್ತಾನೆ! ಊರವರ ಬಾಯಿಗೆಲ್ಲ ಕೈ ಹಾಕಿ ಜೀವನ ಮಾಡಿದವನು, ಈಗ ತನ್ನ ಬಾಯಿಯನ್ನು ಊರವರಿಗೆ ಹಂಚುತ್ತಿದ್ದಾನೆ. ಥೂ.

ಇನ್ನೊಬ್ಬಾಕೆ ಇದ್ದಾಳೆ. ಯಾರು ಏನು ಬಳಿದರೂ ಎದ್ದು ಬಂದು “ವಾವ್!” ಎನ್ನುತ್ತಾಳೆ. ನಾನು ಬ್ರಷ್ ಒರೆಸಿದ ಚಿಂದಿಗೂ ವಾವ್ ಎಂದಳು. ಅವಳಿಗೆ ವಾವಮ್ಮ ಎಂದು ಹೆಸರಿಟ್ಟಿದ್ದೇನೆ.

ಟೀಚರಮ್ಮ ನಿನ್ನ ವಯಸ್ಸಿನವಳು. “ಇಲ್ಲಿ ನಾವೆಲ್ಲ ಫ್ರೆಂಡ್ಸ್. ತಪ್ಪು ಅನ್ನೋದೇ ಇಲ್ಲ” ಎಂದು ಶುರುಮಾಡಿದಳು.

“ತಪ್ಪೇ ಇಲ್ಲ ಅಂದ್ಮೇಲೆ ನೀವ್ಯಾಕಮ್ಮ ಬೇಕು?” ಎಂದೆ.

ಎಲ್ಲರೂ ನಕ್ಕರು. ನಿನ್ನ ಅತ್ತೆ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ನಾನೇನು ಬರಿಗೈಲಿ ಹೋಗಿರಲಿಲ್ಲ. ಗೋಡೆಯಾಗಲಿ ತಗಡಾಗಲಿ, ಮೊದಲು ಒಂದು ಕೋಟ್ ಬಿಳಿ ಪ್ರೈಮರ್ ಕೊಡಬೇಕು, ಅಲ್ಲವೇ? ಮನೆಯಿಂದ ಒಂದು ಡಬ್ಬಿ ತಂದಿದ್ದೆ. ಅವರು ಕೊಟ್ಟ ಕಾಗದಕ್ಕೆ ನೀಟಾಗಿ ಬಳಿದೆ. ಅದರ ಮೇಲೆ ಅವರ ನೀರುಬಣ್ಣ ಕೂರಲೇ ಇಲ್ಲ. ಎಣ್ಣೆ ತಟ್ಟೆಯ ಮೇಲಿನ ನೀರಿನಂತೆ ಗುಂಡುಗುಂಡಾಗಿ ಓಡಾಡಿತು. ಪ್ರೈಮರ್ ವಾಸನೆಗೆ ನಾಲ್ಕು ಜನ ಕೆಮ್ಮುತ್ತ ಹೊರಗೆ ಹೋದರು.

ಟೀಚರಮ್ಮ ಬಂದು, “ಸರ್, ಇದರಲ್ಲಿ ಬಿಳಿ ಹಚ್ಚೋದಿಲ್ಲ. ಕಾಗದಾನೇ ಬಿಳಿ. ಬಿಳಿ ಬೇಕಾದ ಕಡೆ ಮುಟ್ಟದೇ ಬಿಡ್ಬೇಕು” ಎಂದಳು.

ಮುಟ್ಟದೇ ಬಿಡುವುದು ಒಂದು ಕೆಲಸವೇ? ನಾನು ಒಂದು ಬೋರ್ಡಿನಲ್ಲಿ ಅಂಗೈಯಗಲ ಜಾಗ ಬಿಟ್ಟಿದ್ದರೆ ಅಂಗಡಿಯವನು ಕತ್ತು ಹಿಡಿದು ಆಚೆ ನೂಕುತ್ತಿದ್ದ. ಇವರು ಸೋಮಾರಿತನಕ್ಕೆ ವಿದ್ಯೆ ಎಂದು ಹೆಸರಿಟ್ಟಿದ್ದಾರೆ ಅಷ್ಟೇ.

ಈಗ ಆಶೀರ್ವಾದ.
ನಿನ್ನ ಸೋದರಮಾವ

ಜೂನ್ 17

ಮಾವ,

ನಿನ್ನ ಪತ್ರವನ್ನು ನಮ್ಮ ಆಸ್ಪತ್ರೆಯ ನರ್ಸುಗಳ ಕೋಣೆಯಲ್ಲಿ ಓದಿ ಹೇಳಿದೆ. ಒಬ್ಬಳು ನಗುತ್ತ ನಗುತ್ತ ಚಹಾ ಚೆಲ್ಲಿಕೊಂಡಳು. ಹಲ್ಲಿನ ಡಾಕ್ಟರು ಪಾಪ, ಆತನನ್ನು ಬಿಟ್ಟುಬಿಡು. ಪ್ರೈಮರ್ ಡಬ್ಬಿ ಮನೆಯಲ್ಲೇ ಇರಲಿ.

ಮೂರು ಹಾಳೆ ಬರೆದಿದ್ದೀಯ, ಅದರಲ್ಲಿ ಅತ್ತೆ ನಿನ್ನ ಕಾಲು ತುಳಿದದ್ದು ಬಿಟ್ಟರೆ ಅವಳ ಸುದ್ದಿಯೇ ಇಲ್ಲ. ಸಿಟ್ಟಾಗಬೇಡ, ಒಂದು ನಿಜ ಹೇಳುತ್ತೇನೆ. ಈ ಕ್ಲಾಸು ನಾನು ಹುಡುಕಿದ್ದು ನಿನಗಲ್ಲ. ನಲವತ್ತು ವರ್ಷ ಅತ್ತೆ ನಿನ್ನ ಬ್ರಷ್ ತೊಳೆದಳು, ಡಬ್ಬಿ ಮುಚ್ಚಿದಳು, ಏಣಿ ಹಿಡಿದಳು. ಒಂದು ಸಲವೂ ಬ್ರಷ್ ಹಿಡಿಯಲಿಲ್ಲ. ಕಳೆದ ಸಲ ಇಲ್ಲಿ ಬಂದಾಗ ನಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಬಣ್ಣದ ಪೆನ್ಸಿಲ್ ಹಿಡಿದು ಎರಡು ತಾಸು ಕೂತುಬಿಟ್ಟಿದ್ದಳು, ಊಟಕ್ಕೆ ಕರೆದರೂ ಏಳಲಿಲ್ಲ. ಅದನ್ನು ನೋಡಿ ಸೇರಿಸಿದೆ. “ಒಬ್ಬಳೇ ಹೋಗಲ್ಲ ಕಣೇ, ಅವರು ಬಂದ್ರೆ ಹೋಗ್ತೀನಿ” ಎಂದಳು. ಅದಕ್ಕೆ ನಿನ್ನದೂ ಹೆಸರು ಬರೆಸಿದೆ.

ಅವಳಿಗೆ ಇದು ದಕ್ಕಲಿ ಮಾವ. ನಿನ್ನ ಕಾಲು ಹಿಡಿಯುತ್ತೇನೆ, ಕೆಡಿಸಬೇಡ.

ನಿನ್ನ ಮೆಣಸಿನಕಾಯಿ

ಜುಲೈ 8

ಮೆಣಸಿನಕಾಯೀ,

ಮಹಾರಾಣಿಯವರ ಸುದ್ದಿ ಕೇಳಿದ್ದೀಯ, ತೆಗೆದುಕೋ. ನಾನು ಬರೀ ಹೆಂಡತಿಯ ಜೊತೆಗಾರ ಎಂದು ತಿಳಿದು ಧನ್ಯನಾದೆ. ಮದುವೆಯ ದಿನವೂ ನನ್ನನ್ನು ಇಷ್ಟು ಹಿಂದಿನ ಸಾಲಿನಲ್ಲಿ ಯಾರೂ ಕೂರಿಸಿರಲಿಲ್ಲ.

ಬೆಳಗಾದರೆ ಹಿತ್ತಲ ಕಡೆಯ ಮೆಟ್ಟಿಲ ಮೇಲೆ ಕಾಗದ ಇಟ್ಟುಕೊಂಡು ಕೂರುತ್ತಾಳೆ. ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಗೊತ್ತಾಗುವುದಿಲ್ಲ. ನಿನ್ನೆ ನಾನು ನೀರು ಕುಡಿಯಲು ಲೋಟ ಎತ್ತಿದರೆ ಅದರ ತಳದಲ್ಲಿ ಹಸಿರು ಲೋಳೆ! ಕೇಳಿದರೆ, “ಅಯ್ಯೋ, ಅದು ನನ್ನ ಬಣ್ಣದ ಲೋಟ ರೀ, ಮುಟ್ಟಬೇಡಿ” ಎಂದಳು. ನನ್ನ ಮನೆಯಲ್ಲಿ ನಾನು ಲೋಟ ಮುಟ್ಟಬಾರದು. ಅನ್ನದ ಚಮಚದಲ್ಲೂ ಬಣ್ಣ, ಸೆರಗಿನಲ್ಲೂ ಬಣ್ಣ, ದಿಂಬಿನ ಮೇಲೂ ಒಂದು ನೀಲಿ ಬೆರಳು. ಹೇಸಿಗೆ.

ಕ್ಲಾಸಿನಲ್ಲಿ ಅವಳನ್ನು ತಲೆ ಮೇಲೆ ಹೊತ್ತು ಮೆರೆಸುತ್ತಿದ್ದಾರೆ. ಟೀಚರಮ್ಮ ಪ್ರತಿ ವಾರ ಅವಳ ಕಾಗದ ಎತ್ತಿ ಹಿಡಿಯುತ್ತಾಳೆ. “ನೋಡಿ, ಅಮ್ಮ ಎಷ್ಟು ಧೈರ್ಯವಾಗಿ ಖಾಲಿ ಬಿಟ್ಟಿದ್ದಾರೆ!” ಖಾಲಿ ಬಿಡಲು ಧೈರ್ಯ ಯಾಕೆ ಬೇಕು? ನಾನು ಮೂರು ಅಂತಸ್ತಿನ ಮೇಲೆ ಹಗ್ಗದಲ್ಲಿ ನೇತಾಡುತ್ತ ‘ಸಿಮೆಂಟ್’ ಎಂದು ಆನೆ ಗಾತ್ರದಲ್ಲಿ ಬರೆದೆನಲ್ಲ, ಅದಕ್ಕೆ ಬೇಕು. ವಾವಮ್ಮ ನಿನ್ನ ಅತ್ತೆಯ ಭುಜ ಹಿಡಿದು ಕಣ್ಣೀರು ಹಾಕಿದಳು. ಆ ಕಣ್ಣೀರನ್ನು ಅದೇ ಜಗ್ಗಿನಲ್ಲಿ ಹಿಡಿದಿದ್ದರೆ ನೀರಾದರೂ ಸ್ವಲ್ಪ ತಿಳಿಯಾಗುತ್ತಿತ್ತು.

ನಾನು ಬರೆದ ಸೇಬು ನೋಡಿ ಟೀಚರಮ್ಮ, “ಸರ್, ತುಂಬ ಗಟ್ಟಿಯಾಗಿದೆ” ಎಂದಳು. ಸೇಬು ಗಟ್ಟಿಯಾಗಿರದೆ ಕೊಳೆತಿರಬೇಕಿತ್ತೇ?

ಒಂದು ಖುಷಿಯ ಸುದ್ದಿ. ಹೋದ ಶನಿವಾರ ಹಲ್ಲಿನ ಡಾಕ್ಟರ ಕಾಫಿ ಲೋಟವನ್ನು ಒಂದು ಗೇಣು ಎಡಕ್ಕೆ ಸರಿಸಿ, ಅದರ ಜಾಗದಲ್ಲಿ ಕಂದು ಬಣ್ಣದ ನೀರಿನ ಲೋಟ ಇಟ್ಟೆ. ಕಣ್ಣು ಚಿತ್ರದ ಮೇಲೆಯೇ ನೆಟ್ಟು ಅರ್ಧ ಲೋಟ ಕುಡಿದ. ಆಮೇಲೆ, “ಇವತ್ತು ಸಕ್ಕರೆ ಕಮ್ಮಿ” ಎಂದ! ನಾನು ಮೇಜಿನ ಕೆಳಗೆ ಬಗ್ಗಿ ನಕ್ಕೆ. ನಿನ್ನ ಅತ್ತೆ ಮಾತ್ರ ನಗಲಿಲ್ಲ. ಎದ್ದು ಹೋಗಿ ಆತನಿಗೆ ಬೇರೆ ಕಾಫಿ ತಂದುಕೊಟ್ಟಳು.

ಇಪ್ಪತ್ತೇಳಕ್ಕೆ ಕೆಳಗಿನ ಹಾಲಿನಲ್ಲಿ ಎಲ್ಲರ ಚಿತ್ರಗಳ ಪ್ರದರ್ಶನವಂತೆ. ತಲೆಗೊಂದು ಚಿತ್ರ. ನನ್ನದು ಹುಲಿ. ನಿನ್ನ ಅತ್ತೆಯದು ಏನೋ ಒಣಗಿದ ಬಟ್ಟೆ.

ನಿನ್ನ ಮಾವ

ಜುಲೈ 18

ಮಾವ,

ಡ್ಯೂಟಿ ಜಾಸ್ತಿ, ನಾಲ್ಕೇ ಸಾಲು. ನಿನ್ನೆ ಅತ್ತೆಗೆ ಫೋನ್ ಮಾಡಿದ್ದೆ. ದನಿಯೇ ಬೇರೆ ಆಗಿದೆ ಅವಳದು, ಹದಿನೆಂಟರ ಹುಡುಗಿಯ ಹಾಗೆ. “ಬಟ್ಟೆ ತಂತಿ ಬರೀತಿದ್ದೀನಿ ಕಣೇ. ನಡುವೆ ಒಂದು ಕಡೆ ಬಿಟ್ಟಿದ್ದೀನಿ. ಮೂರು ದಿನದಿಂದ ಅಲ್ಲಿಗೆ ಕೈ ಹೋಗದ ಹಾಗೆ ನೋಡಿಕೊಳ್ಳೋದೇ ಕೆಲಸ, ಉಸಿರು ಬಿಟ್ರೆ ಎಲ್ಲಿ ಕೊಳೆ ಆಗುತ್ತೋ ಅಂತ” ಎಂದಳು. ಈ ವಯಸ್ಸಿನಲ್ಲಿ ಅವಳಿಗೆ ಇಂಥ ಭಯ ಬಂದದ್ದು ನನಗೆಷ್ಟು ಸಂತೋಷವಾಯಿತು ಗೊತ್ತೇ?

ರಜೆ ಸಿಗಲಿಲ್ಲ, ಪ್ರದರ್ಶನಕ್ಕೆ ಬರಲಾರೆ. ನೀನು ನನ್ನ ಕಣ್ಣಾಗಿ ನೋಡಿ ಎಲ್ಲವನ್ನೂ ಬರೆ. ಹುಲಿಗೆ ಶುಭವಾಗಲಿ.

ಮೆಣಸಿನಕಾಯಿ

ಜುಲೈ 30

ಮೆಣಸಿನಕಾಯೀ,

ಪ್ರದರ್ಶನ ಮುಗಿಯಿತು. ಬರೆಯಲು ಹೆಚ್ಚೇನಿಲ್ಲ.

ಜನ ಬಂದರು, ಬೆವತರು, ಬಿಸ್ಕತ್ತು ತಿಂದರು. ಬಿಸ್ಕತ್ತಿನ ಪುಡಿಯ ಕೈಯಲ್ಲೇ ಒಬ್ಬರ ಬೆನ್ನು ಒಬ್ಬರು ತಟ್ಟಿದರು. ಬಾಯಲ್ಲಿ ತುಂಬಿಕೊಂಡೇ “ಸೂಪರ್, ಸೂಪರ್” ಎಂದು ಉಗುಳು ಹಾರಿಸಿದರು. ಹಲ್ಲಿನ ಡಾಕ್ಟರ ಚಿತ್ರದಲ್ಲಿ ಸೂರ್ಯ ಮುಳುಗುತ್ತಿತ್ತು, ಥೇಟ್ ಊದಿಕೊಂಡ ವಸಡು. ನನ್ನ ಹುಲಿಯ ಮುಂದೆ ಮಕ್ಕಳು ಗುಂಪು ಕಟ್ಟಿದ್ದವು. ಹಲ್ಲುಗಳನ್ನು ನಾನು ಎಣಿಸಿ ಬರೆದಿದ್ದೆ. ಡಾಕ್ಟರು ನೋಡಿ ಹೌದೆನ್ನಲಿ ಎಂದೇ.

ನಿನ್ನ ಅತ್ತೆಯ ಚಿತ್ರವನ್ನು ಹಿಂದಿನ ದಿನ ನಾನೇ ಹೊತ್ತುಕೊಂಡು ಹೋಗಿ ಗ್ರಂಥಾಲಯದಲ್ಲಿ ಕೊಟ್ಟು ಬಂದಿದ್ದೆ. ಬಿಸಿಲಲ್ಲಿ ಅವಳೇಕೆ ಅಲೆಯಬೇಕು? ಜನ ನೋಡಿದರು. ನೋಡುವುದಕ್ಕೆ ತಾನೇ ಹಾಕುವುದು.

ಅವಳಿಗೆ ಶೀತವಾಗಿ ಗಂಟಲು ಕಟ್ಟಿದೆ. ಮಾತಾಡುತ್ತಿಲ್ಲ. ಫೋನ್ ಮಾಡಿ ತೊಂದರೆ ಕೊಡಬೇಡ. ಆ ಕೋಣೆಯ ತೇವಕ್ಕೆ ಯಾರಿಗಾದರೂ ಬರುತ್ತದೆ. ಇನ್ನು ಆ ಕ್ಲಾಸೂ ಬೇಡ, ಎಂಥದೂ ಬೇಡ.

ಮಾವ

ಆಗಸ್ಟ್ 6

ಮಾವ,

ಅತ್ತೆ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಇಲ್ಲಿಗೆ ಬಂದಳು. ನಿನಗೆ ಹೇಳಿಯೇ ಬಂದೆ ಎಂದಳು, ಆದ್ದರಿಂದ ಗಾಬರಿಯಾಗಿರಲಾರೆ ಎಂದುಕೊಂಡಿದ್ದೇನೆ. ಗಂಟಲು ಚೆನ್ನಾಗಿಯೇ ಇದೆ. ಸ್ವಲ್ಪ ದಿನ ಇಲ್ಲೇ ಇರುತ್ತಾಳೆ. ನನ್ನ ಡ್ಯೂಟಿಯ ಹೊತ್ತಿನಲ್ಲಿ ಮನೆಗೆ ಒಬ್ಬರಿದ್ದಂತಾಯಿತು.

ಪ್ರದರ್ಶನದ ವಿಷಯ ಇನ್ನೂ ಏನಾದರೂ ಬರೆಯುವುದು ಉಳಿದಿದ್ದರೆ ಬರೆ.

ಮೆಣಸಿನಕಾಯಿ

ಆಗಸ್ಟ್ 12

ಮೆಣಸಿನಕಾಯೀ,

ಹಾಗೆ ಬಾ ದಾರಿಗೆ! ನಿನಗೆ ಕೆಲಸ ಜಾಸ್ತಿಯಾಗಿದೆ, ಅಡುಗೆಗೆ ಅತ್ತೆ ಬೇಕಾದಳು, ಅದಕ್ಕೆ ಕರೆಸಿಕೊಂಡೆ. ನೇರವಾಗಿ ಹೇಳಬಾರದೇ? ಅವಳು ನನಗೆ ಹೇಳಿ ಹೋದದ್ದು ನಿಜ. “ಹೋಗಿ ಬರ್ತೀನಿ” ಎನ್ನಲಿಲ್ಲ, “ಹೋಗ್ತೀನಿ” ಎಂದಳು. ಅವಸರದಲ್ಲಿದ್ದಳು.

ಇಲ್ಲಿಯ ಗತಿ ಕೇಳಬೇಡ. ಹಾಲಿನ ಪಾತ್ರೆ ತಳ ಹಿಡಿದು ಕರಕಲಾಗಿದೆ. ನೆನೆಸಿಟ್ಟು ಆರು ದಿನವಾಯಿತು, ಈಗ ಅದರ ಮೇಲೆ ಬೂದು ಬಣ್ಣದ ತುಪ್ಪಟ ಬೆಳೆದಿದೆ. ಸಿಂಕಿನಿಂದ ಏನೋ ಸತ್ತ ವಾಸನೆ. ಬೆಳಗ್ಗೆ ಬ್ರೆಡ್ಡು ಕಚ್ಚಿದರೆ ಒಳಗೆಲ್ಲ ಹಸಿರು, ಅರ್ಧ ಹೊಟ್ಟೆಗೆ ಹೋಗಿಯಾಗಿತ್ತು. ನಿನ್ನ ಮಾವ ಏಣಿಯ ಮೇಲೆ ರಾಜ, ಅಡುಗೆಮನೆಯಲ್ಲಿ ಇಲಿ. ಇಲಿಗಾದರೂ ತಿನ್ನಲು ಗೊತ್ತು.

ಮುಂದಿನ ಶನಿವಾರದೊಳಗೆ ಕಳಿಸಿಕೊಡು. ಅವಳಿಗೆ ಕ್ಲಾಸಿದೆಯಲ್ಲ. ನಾನೇನೋ ಹೋಗುತ್ತಿಲ್ಲ, ಅವಳು ಹೋಗಲಿ. ಟೀಚರಮ್ಮ ಎರಡು ಸಲ ಫೋನ್ ಮಾಡಿದ್ದಳು, ನಾನು ಎತ್ತಲಿಲ್ಲ.

ಮಾವ

ಆಗಸ್ಟ್ 21

ಮಾವನವರಿಗೆ,

ನಾನು ಅತ್ತೆಯನ್ನು ಕರೆಸಿಕೊಳ್ಳಲಿಲ್ಲ. ಅವಳು ಬಂದಳು. ಇಷ್ಟು ದಿನ ಅವಳ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆ. ನಿನ್ನೆ ಅವಳ ಸೀರೆಗಳ ಅಡಿಯಲ್ಲಿ ಕಾಗದದ ಸುರುಳಿ ಸಿಕ್ಕಿತು, ಬಿಚ್ಚಿದೆ.

ಚಿತ್ರದಲ್ಲಿ ಹಿಂದಿನ ಗೋಡೆ ಹಸಿರೋ ನೀಲಿಯೋ ಹೇಳಲು ಬಾರದ ಹಾಗೆ, ಈಗಷ್ಟೇ ಒದ್ದೆಯಾದಂತಿದೆ. ತಂತಿ ಕೂದಲೆಳೆಯಷ್ಟು ತೆಳ್ಳಗೆ. ನಡುವೆ ಒಂದು ಶರಟು. ಅದಕ್ಕೆ ದಪ್ಪ ಎನಾಮಲ್ ನೀಲಿ ಬಳಿದಿದೆ. ಸುತ್ತ ಕರಿ ಗೆರೆ, ಜೇಬು, ಐದು ಗುಂಡಿ. ಮುಟ್ಟಿದರೆ ತಗಡಿನ ಹಾಗೆ ಗಟ್ಟಿ. ಕಾಗದ ಅದರ ಭಾರಕ್ಕೆ ಸುಕ್ಕಾಗಿದೆ. ಆ ಗುಂಡಿಗಳನ್ನು ಹಾಗೆ ಅಳತೆ ಹಿಡಿದಂತೆ ಬರೆಯುವ ಕೈ ನಮ್ಮ ವಂಶದಲ್ಲಿ ಒಂದೇ ಇರುವುದು.

ಕೇಳಿದೆ. ಸುರುಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಸುತ್ತಿದಳು. ಆಮೇಲೆ ಹೇಳಿದಳು: “ಅವರ ಕೆಲಸದ ಶರಟು ಕಣೇ ಅದು. ನಲವತ್ತು ವರ್ಷ ಒಗೆದೆ. ಕಲ್ಲಿಗೆ ಬಡಿದೆ, ಕುದಿಸಿದೆ. ಒಂದು ದಿನಾನೂ ಬಿಳಿ ಆಗ್ಲಿಲ್ಲ. ಕಾಗದದ ಮೇಲಾದ್ರೂ ಆಗ್ಲಿ ಅಂತ ಬಿಟ್ಟಿದ್ದೆ.”

 ಪ್ರದರ್ಶನದ ಹಾಲಿನಲ್ಲಿ ಅವತ್ತು ನೀವೇನೋ ಅಂದಿರಿ ಎಂಬುದು ಮಾತ್ರ ಗೊತ್ತಾಯಿತು. ಏನೆಂದು ಅವಳು ಹೇಳುವುದಿಲ್ಲ, “ಅವರನ್ನೇ ಕೇಳು” ಎನ್ನುತ್ತಾಳೆ. ಅವಳು ಇಲ್ಲಿ ಒಂದು ಬಾಡಿಗೆ ಕೋಣೆ ನೋಡಿಕೊಂಡು ಬಂದಿದ್ದಾಳೆ, ನಮ್ಮ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ. ಮುಂದಿನ ತಿಂಗಳ ಕೊನೆಗೆ ಹೋಗುತ್ತಾಳಂತೆ. ನಿಮ್ಮ ಹತ್ತಿರ ಹೇಳಬೇಡ ಎಂದಿದ್ದಳು. ಹೇಳಿದ್ದೇನೆ.

ಅವತ್ತು ಏನೆಂದಿರಿ, ಬರೆಯಿರಿ. ಅಕ್ಷರ ಚೆಂದವಾಗಿರಬೇಕಾಗಿಲ್ಲ.

ನಿಮ್ಮ ಅಕ್ಕನ ಮಗಳು

ಸೆಪ್ಟೆಂಬರ್ 2

ಮಗೂ,

ನೀನು ನನಗೆ ‘ನೀವು’ ಎಂದು ಬರೆದದ್ದು ಇದೇ ಮೊದಲು. ಅದನ್ನು ಓದಿದ ಮೇಲೆ ಎಂಟು ದಿನ ಪೆನ್ನು ಮುಟ್ಟಲಿಲ್ಲ. ನಾಲ್ಕು ಹಾಳೆ ಬರೆದು ಹರಿದೆ. ನಾಲ್ಕರಲ್ಲೂ ನಾನೇ ಒಳ್ಳೆಯವನಾಗಿದ್ದೆ. 

ಪ್ರದರ್ಶನದ ಹಿಂದಿನ ದಿನ, ಶುಕ್ರವಾರ ಬೆಳಗ್ಗೆ ಅವಳು ನೆರೆಮನೆಯ ಬಾಣಂತಿಯನ್ನು ನೋಡಲು ಹೋಗಿದ್ದಳು. ಚಿತ್ರ ಮೇಜಿನ ಮೇಲಿತ್ತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆ ಶರಟಿನ ಜಾಗದಲ್ಲಿ ಏನೂ ಇಲ್ಲ, ಬರೀ ಕಾಗದ. ಆದರೆ ಅದು ಗಾಳಿಗೆ ಅಲುಗಿತು. ಕಣ್ಣುಜ್ಜಿಕೊಂಡು ನೋಡಿದೆ, ಮತ್ತೆ ಅಲುಗಿತು. ನಲವತ್ತೊಂದು ವರ್ಷದಲ್ಲಿ ನಾನು ಬರೆದ ಒಂದೇ ಒಂದು ಗೆರೆಯೂ ಅಲುಗಿಲ್ಲ ಮಗೂ. ಸಿಂಹ ಬರೆದೆ, ಜಲಪಾತ ಬರೆದೆ, ಬಾವುಟ ಬರೆದೆ. ಎಲ್ಲ ಮೊಳೆ ಹೊಡೆದಂತೆ ನಿಂತವು.

ಪಾಪ, ಮರೆತು ಬಿಟ್ಟಿದ್ದಾಳೆ, ತುಂಬಿಕೊಡೋಣ ಎಂದು ಬಳಿದೆ. ಹಾಗೆಂದು ಹರಿದ ಹಾಳೆಗಳಲ್ಲಿ ಬರೆದಿದ್ದೆ. ಸುಳ್ಳು. ಅದು ಚೆನ್ನಾಗಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಡಬ್ಬಿಯ ಮುಚ್ಚಳ ತೆಗೆದೆ. ಬೇಗ ಒಣಗುವ ಎನಾಮಲ್ಲನ್ನೇ ಆರಿಸಿಕೊಂಡೆ.  ಗುಂಡಿ ಬರೆಯುವಾಗ ಸಿಳ್ಳೆ ಹಾಕುತ್ತಿದ್ದೆ. ಅವಳು ಬರುವ ಮೊದಲೇ ಎರಡು ರಟ್ಟಿನ ನಡುವೆ ಸಂದು ಬಿಟ್ಟು ಕಟ್ಟಿ ಗ್ರಂಥಾಲಯಕ್ಕೆ ಒಯ್ದು ಕೊಟ್ಟೆ. ಅವಳು ಅದನ್ನು ನೋಡಿದ್ದು ಮಾರನೆಯ ದಿನ, ಗೋಡೆಯ ಮೇಲೆ, ಎಲ್ಲರ ಜೊತೆ.

ಟೀಚರಮ್ಮ ಬಂದು ನಿಂತಳು. “ಅಮ್ಮಾ... ಏನಾಯ್ತು ಇದಕ್ಕೆ?”

ನಿನ್ನ ಅತ್ತೆ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ನಾನು ಹೇಳುತ್ತೇನೆ ಎಂದು ಕಾಯುತ್ತಿದ್ದಳು.

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: “ನಾನು ಬೇಡ ಅಂತ ಬಡ್ಕೊಂಡೆ, ಕೇಳಲಿಲ್ಲ. ಹೆಂಗಸರಿಗೆ ಎಲ್ಲಿ ಸಾಕು ಅನ್ನೋದು ಗೊತ್ತಾಗಲ್ಲ ನೋಡಿ. ಹೋಗ್ಲಿ ಬಿಡಿ, ಕಲೀತಾಳೆ.”

ನಾಲ್ಕೈದು ಜನ ನಕ್ಕರು. ಕೆಟ್ಟ ನಗುವಲ್ಲ, ಸಮಾಧಾನದ ನಗು. ವಾವಮ್ಮ ಕೂಡ ವಾವ್ ಎನ್ನಲಿಲ್ಲ. “ನೀಲಿ ಒಳ್ಳೆ ಬ್ರೈಟ್ ಆಗಿದೆ ಅಲ್ವಾ?” ಎಂದಳು. ನಿನ್ನ ಅತ್ತೆ ಮುಂದೆ ಹೋಗಿ ನಾಲ್ಕು ಪಿನ್ನು ಕಿತ್ತಳು, ಒಂದೊಂದನ್ನೇ ಟೀಚರಮ್ಮನ ಅಂಗೈಗೆ ಹಾಕಿದಳು, ಚಿತ್ರ ಸುತ್ತಿಕೊಂಡು ಹೊರಟಳು. ನಾನು ಹುಲಿಯ ಹತ್ತಿರ ನಿಂತು ಇನ್ನೂ ಎರಡು ಬಿಸ್ಕತ್ತು ತಿಂದೆ.

ಇಷ್ಟು ದಿನ ಜಗ್ಗಿನ ನೀರು, ಡಾಕ್ಟರ ಬಾಯಿ, ಹೊಗಳಿಕೆ ಎಂದೆಲ್ಲ ಮೂಗು ಮುಚ್ಚಿಕೊಂಡೆ. ಆ ಕೋಣೆಯಲ್ಲಿ ನಾರುತ್ತಿದ್ದದ್ದು ಯಾರು ಎಂದು ಈಗ ಹೇಳಬೇಕಾಗಿಲ್ಲ.

ಇದನ್ನು ಅವಳಿಗೆ ಓದಿ ಹೇಳು. ಬಾಡಿಗೆ ಕೋಣೆ ಬೇಡ ಎನ್ನು.

ಮಾವ

ಸೆಪ್ಟೆಂಬರ್ 9

ಮಾವ,

ಓದಿ ಹೇಳಿದೆ. ಅತ್ತೆ ಬಟಾಣಿ ಬಿಡಿಸುತ್ತಿದ್ದಳು. ನಾನು ಓದುವುದು ಮುಗಿದ ಮೇಲೂ ಬಿಡಿಸುತ್ತಲೇ ಇದ್ದಳು, ಬುಟ್ಟಿ ಖಾಲಿಯಾಗುವ ತನಕ. ಆಮೇಲೆ ಹೇಳಿದ್ದು ಇಷ್ಟೇ: “ಇದನ್ನ ನಿನಗೆ ಬರೆದ್ರೆ ಏನು ಬಂತು? ನೀನೇನು ಅವತ್ತು ಆ ಪ್ರದರ್ಶನದಲ್ಲಿ ಇದ್ಯಾ?”

ಕೋಣೆಯ ವಿಷಯ ನಾನು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಸಿಪ್ಪೆ ಎತ್ತಿಕೊಂಡು ಒಳಗೆ ಹೋದಳು.

ನಾನು ಇನ್ನೂ ಸಿಟ್ಟಿನಲ್ಲಿದ್ದೇನೆ. ಊಟ ಸರಿಯಾಗಿ ಮಾಡು. ಆ ಪಾತ್ರೆ ಎಸೆ.

ಮೆಣಸಿನಕಾಯಿ

ಸೆಪ್ಟೆಂಬರ್ 15

ಮೆಣಸಿನಕಾಯೀ,

ನಿನ್ನೆ ಕ್ಲಾಸಿಗೆ ಹೋದೆ. ಗ್ರಂಥಾಲಯದ ಮೆಟ್ಟಿಲು ಇಪ್ಪತ್ತೆರಡು. ಮೂರು ಅಂತಸ್ತು ಹಗ್ಗದಲ್ಲಿ ಏರಿದವನು ಅಷ್ಟಕ್ಕೇ ನಡುವೆ ಎರಡು ಸಲ ನಿಂತೆ.

“ಸರ್ ಬಂದ್ರು, ಸರ್ ಬಂದ್ರು” ಎಂದು ಎಲ್ಲರೂ ಸಂಭ್ರಮಪಟ್ಟರು. ಅಮ್ಮ ಎಲ್ಲಿ ಎಂದರು. ನಾನು ಕೂರಲಿಲ್ಲ. ಮೇಜಿನ ತುದಿ ಹಿಡಿದುಕೊಂಡು, “ಆ ನೀಲಿ ಬಳಿದವನು ನಾನು. ಅವಳಿಗೆ ಗೊತ್ತೇ ಇರಲಿಲ್ಲ. ಹೊಟ್ಟೆಕಿಚ್ಚಿಗೆ ಬಳಿದೆ. ನಿಮ್ಮೆಲ್ಲರ ಮುಂದೆ ಅವಳ ಮೇಲೆ ಹಾಕಿದೆ” ಎಂದೆ. ಊರೆಲ್ಲ ನಗಿಸುವ ನಾಲಿಗೆ, ನಾಲ್ಕು ಮಾತಿಗೆ ಒಣಗಿಹೋಯಿತು.

 ಆಮೇಲೆ ಏನು ಮಾಡಿದರು ಊಹಿಸು. ಚಪ್ಪಾಳೆ ತಟ್ಟಿದರು! ವಾವಮ್ಮ, “ವಾವ್, ಎಷ್ಟು ದೊಡ್ಡ ಮನಸ್ಸು ಸರ್ ನಿಮ್ದು” ಎಂದು ಕಣ್ಣೊರೆಸಿಕೊಂಡಳು. ಯಾರೋ ಬಿಸ್ಕತ್ತು ಮುಂದೆ ಹಿಡಿದರು. ಮಗೂ, ಚಪ್ಪಲಿಯಲ್ಲಿ ಹೊಡೆದಿದ್ದರೆ ನಿಂತು ಹೊಡೆಸಿಕೊಳ್ಳುತ್ತಿದ್ದೆ. ಆ ಚಪ್ಪಾಳೆಗೆ ಮೈಮೇಲೆ ಹುಳ ಹರಿದಂತಾಯಿತು. ಈ ಜನರ ಸ್ನೇಹದಷ್ಟು ಅಸಹ್ಯವಾದದ್ದು ಇನ್ನೊಂದಿಲ್ಲ. ಎಂಥ ಕೊಳೆಯನ್ನೂ ಸವರಿ ನುಣ್ಣಗೆ ಮಾಡಿಬಿಡುತ್ತದೆ.

ಒಬ್ಬ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಹಲ್ಲಿನ ಡಾಕ್ಟರು. ಎದ್ದ, ತನ್ನ ಕುರ್ಚಿಯನ್ನು ಎತ್ತಿಕೊಂಡ, ಆಚೆ ಮೇಜಿಗೆ ಒಯ್ದು ಹಾಕಿಕೊಂಡ. “ಕ್ಷಮಿಸಿ, ನಿಮ್ಮ ಪಕ್ಕದಲ್ಲಿ ಇವತ್ತು ಕೂರಕ್ಕೆ ಆಗಲ್ಲ ನನಗೆ” ಎಂದ. ಬ್ರಷ್ ಬಾಯಿಗಿಟ್ಟು ಚೀಪಿದ. ಆ ಕೋಣೆಯಲ್ಲಿ ನಿನ್ನ ಅತ್ತೆಯ ಪಾಲಿಗೆ ಇದ್ದ ಒಬ್ಬನೇ ಮನುಷ್ಯ ಅವನು. ಕೈಮುಗಿಯೋಣ ಎನ್ನಿಸಿತು. ಅದೂ ನಾಟಕವಾದೀತೆಂದು ಸುಮ್ಮನಾದೆ.

ಕ್ಲಾಸು ಮುಗಿಯುವ ತನಕ ಒಬ್ಬನೇ ಕೂತು ಒಂದು ಬಿಳಿ ಬಟ್ಟಲನ್ನು ಅದರ ಜಾಗ ಮುಟ್ಟದೆ, ಸುತ್ತಲೂ ಮಾತ್ರ ಬಣ್ಣ ಹಚ್ಚಿ ಬರೆಯಲು ನೋಡಿದೆ. ಆರು ಕಾಗದ ಹಾಳಾಯಿತು. ಕೈ ತಾನಾಗಿ ಒಳಗೆ ಹೋಗುತ್ತದೆ. ಎಂಥ ದರಿದ್ರ ಕೈ.

ಇದನ್ನು ಓದಿ ಹೇಳಬೇಕೆಂದೇನಿಲ್ಲ. ನಿನಗೆ ಬಿಟ್ಟದ್ದು.

ಮಾವ

ಸೆಪ್ಟೆಂಬರ್ 23

ಮಾವ,

ಓದಿ ಹೇಳಬೇಕಾಗಲೇ ಇಲ್ಲ. ನಿನ್ನ ಪತ್ರ ಬರುವ ಮೊದಲೇ ಟೀಚರಮ್ಮ ಅತ್ತೆಗೆ ಫೋನ್ ಮಾಡಿದ್ದಳಂತೆ. ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಅತ್ತೆಯೇ ಓದಿದಳು. ಡಾಕ್ಟರು ಕುರ್ಚಿ ಎತ್ತಿಕೊಂಡು ಹೋದ ಸಾಲು ಬಂದಾಗ ಒಮ್ಮೆ ನಕ್ಕಳು. ಆಮೇಲೆ ಆ ನಗು ಎಲ್ಲಿ ಹೋಯಿತೋ.

ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತಾಳೆ. ನೇರವಾಗಿ ಕ್ಲಾಸಿಗೆ, ಮನೆಗಲ್ಲ. ಅಲ್ಲಿಂದ ಮುಂದೆ ಏನು ಎಂದು ಕೇಳಿದೆ. “ನೋಡೋಣ” ಎಂದಳು. ಆ ಬಾಡಿಗೆ ಕೋಣೆಯವರಿಗೂ ನೋಡೋಣ ಎಂದೇ ಹೇಳಿ ಬಂದಿದ್ದಾಳೆ. ಸಂಜೆ ನಾಲ್ಕಕ್ಕೆ ಇಲ್ಲಿಗೆ ವಾಪಸ್ಸು ಬಸ್ಸಿದೆ, ಅದನ್ನೂ ವಿಚಾರಿಸಿಕೊಂಡಿದ್ದಾಳೆ.

ನೀನು ಜಾಣತನ ಮಾಡಬೇಡ. ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲಬೇಡ. ಜೋಕು ಹೇಳಬೇಡ.

ಮೆಣಸಿನಕಾಯಿ

ಸೆಪ್ಟೆಂಬರ್ 28, ಮಧ್ಯಾಹ್ನ

ಮೆಣಸಿನಕಾಯೀ,

ಇದನ್ನು ಚಿತ್ರದ ಕಾಗದದ ಮೇಲೆ, ಮಂಡಿಯ ಮೇಲಿಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಇರಲಿ.

ಬಂದಳು. ಚೀಲ ತೋಳಿಗೆ ಹಾಕಿಕೊಂಡೇ ಒಳಗೆ ಬಂದು ಡಾಕ್ಟರ ಪಕ್ಕದಲ್ಲಿ ಕೂತಳು. ಆತ ಎದ್ದು ನಿಂತು ಅವಳಿಗೆ ಕುರ್ಚಿ ಸರಿಮಾಡಿದ, ಅವಳಿಗೆಂದೇ ಬೇರೆ ಜಗ್ಗು ತಂದಿಟ್ಟ. ಎರಡು ತಾಸು ಅವಳ ಬೆನ್ನು ನೋಡಿದೆ. ಏನು ಬರೆದಳೋ ನನಗೆ ಗೊತ್ತಿಲ್ಲ. ಎದ್ದು ಹೋಗಿ ನೋಡಲಿಲ್ಲ. ವಾವಮ್ಮ ಒಂದು ಸಲ ನೋಡಿ ಬಂದವಳು ಏನೂ ಅನ್ನದೆ ಕೂತಳು. ಅದನ್ನು ಕಂಡು ನನಗೆ ಭಯವಾಯಿತು.

ಕ್ಲಾಸು ಮುಗಿಯಿತು. ಅವಳು ಇಳಿದಳು, ನಾನು ಹತ್ತು ಹೆಜ್ಜೆ ಹಿಂದೆ. ದಾರಿಯಲ್ಲಿ ನಾಲ್ಕು ಅಂಗಡಿಗೆ ನನ್ನದೇ ಬೋರ್ಡು. ಬಾಯಿ ತೆರೆಯಲಿಲ್ಲ, ಅಷ್ಟು ಮಾತ್ರ ನನ್ನ ಸಾಹಸ. ದಾರಿ ಕೂಡುವಲ್ಲಿ ನಿಂತಳು. ಬಲಕ್ಕೆ ಹೋದರೆ ಬಸ್ ಸ್ಟ್ಯಾಂಡು, ಎಡಕ್ಕೆ ನಮ್ಮ ಬೀದಿ. ಮೂರು ಆಟೋ, ಒಂದು ಲಾರಿ ಹೋದವು. ತಿರುಗದೆ ಕೈ ಮಾತ್ರ ಹಿಂದಕ್ಕೆ ಚಾಚಿದಳು.

“ಬೀಗದ ಕೈ ಕೊಡಿ.”

ಕೊಟ್ಟೆ.

“ನೀವು ಇಲ್ಲೇ ಇರಿ. ನಾನು ಮೊದ್ಲು ಒಬ್ಬಳೇ ಒಳಗೆ ಹೋಗ್ಬೇಕು. ಒಂದು ಗಂಟೆ ಬಿಟ್ಟು ಬನ್ನಿ.”

“ಬಂದ ಮೇಲೆ?” ಎಂದೆ.

“ಬಾಗಿಲು ತಟ್ಟಿ” ಎಂದಳು. “ತೆಗೀತೀನೋ ಇಲ್ವೋ, ನನಗೇ ಇನ್ನೂ ಗೊತ್ತಿಲ್ಲ.”

ಎಡಕ್ಕೆ ಹೋದಳು.

ನಾನು ಮೂಲೆಯ ಕಲ್ಲುಬೆಂಚಿನ ಮೇಲೆ ಕೂತಿದ್ದೇನೆ. ಯಾರೋ ಉಗಿದ ಗುರುತು ಬೆಂಚಿನ ತುಂಬ. ಕಾಲ ಬುಡದಲ್ಲಿ ಕೊಳೆತ ಬಾಳೆಹಣ್ಣಿನ ಸಿಪ್ಪೆಗೆ ನೊಣ ಮುತ್ತಿವೆ. ಎದುರಿನ ಸೈಕಲ್ ಅಂಗಡಿಯವನು, “ಯಾಕ್ ಸಾರ್, ಅಲ್ ಗಲೀಜಿದೆ, ಇಲ್ ಬನ್ನಿ” ಎಂದು ಸ್ಟೂಲು ತೋರಿಸಿದ. ಇರಲಿ ಬಿಡಪ್ಪ ಎಂದೆ. ಇಲ್ಲಿಂದ ನಮ್ಮ ಮನೆಯ ಬಾಗಿಲು ಕಾಣುತ್ತದೆ. ಮುಚ್ಚಿದೆ. ಈಗಷ್ಟೇ ಅಡುಗೆಮನೆಯ ಕಿಟಕಿ ತೆರೆದುಕೊಂಡಿತು.

ಗಂಟೆ ತುಂಬಲು ಇನ್ನೂ ಹದಿನೇಳು ನಿಮಿಷ ಇದೆ. ಸ್ವಲ್ಪ ಮೊದಲೇ ಹೋಗಿ ತಟ್ಟಿದರೆ ಏನಾಗುತ್ತದೆ ಎಂದು ಒಂದು ಸಲ ಎದ್ದೆ. ಮತ್ತೆ ಕೂತೆ.

ನಿನ್ನ ಮಾವ